ಹತ್ತನೇ ನಂಬರಿನ ಜೆರ್ಸಿಯನ್ನು ತೊಳೆದವರು

"ಜೆರ್ಸಿನ ಯಾರೋ ತೊಳೆದುಬಿಟ್ಟಿದ್ದಾರೆ," ಎಂದರು ದಂತವೈದ್ಯರ ತಂಗಿ, ಮನೆಯಲ್ಲಿ ಸಾವಾದವರ ದನಿಯಲ್ಲಿ.

ಇಸ್ತ್ರಿಯವನ ಕೈ ಕಾಲರಿನ ಮೇಲೆಯೇ ನಿಂತಿತು. ಇಪ್ಪತ್ತೆರಡು ವರ್ಷ ಬಟ್ಟೆಗಳ ನಡುವೆಯೇ ಬದುಕಿದವನು ಅವನು. ಬಟ್ಟೆ ಕಳೆದದ್ದು, ಸುಟ್ಟದ್ದು, ಇಲಿ ಕಡಿದದ್ದು, ಅದಲುಬದಲಾದದ್ದು ಎಲ್ಲ ಕೇಳಿದ್ದ. ತೊಳೆದರೆಂದು ಕಣ್ಣೀರಿಟ್ಟವರನ್ನು ಕಂಡದ್ದು ಅಂದೇ ಮೊದಲು.

"ತೊಳೆದ್ರೆ ಒಳ್ಳೇದೇ ಆಯ್ತಲ್ಲ ಅಕ್ಕಾ. ತನ್ನಿ, ಇಸ್ತ್ರಿ ಹಾಕಿಕೊಡ್ತೀನಿ," ಎಂದ.

ಕಿಟಕಿಯ ಕೆಳಗೆ ಕೂತಿದ್ದ ರಫೂಗಾರರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆ ಎತ್ತಿದರು. "ನೀನು ಸ್ವಲ್ಪ ಸುಮ್ನಿರಪ್ಪ. ಅವರು ಮೊದಲು ಕೂತ್ಕೊಳ್ಳಲಿ."

ಆ ಅಂಗಡಿ ಒಂದೇ ಕೋಣೆಯದು. ಬಾಗಿಲ ಕಡೆಯ ಅರ್ಧ ಇಸ್ತ್ರಿಯವನದು, ಕಿಟಕಿಯ ಕಡೆಯ ಅರ್ಧ ರಫೂಗಾರರದು. ಹರಿದ ಬಟ್ಟೆಯ ಎಳೆಗೆ ಎಳೆ ಹೆಣೆದು, ಅಲ್ಲೊಂದು ತೂತಿತ್ತೆಂಬುದೇ ತಿಳಿಯದಂತೆ ಮಾಡುವುದು ಅವರ ಕಸುಬು. ದಿನದ ಮೊದಲ ಎಳೆ ಪೋಣಿಸುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ ಕೂರುತ್ತಿದ್ದರು. ದೇವರಲ್ಲಿ ಏನು ಬೇಡಿಕೊಳ್ತೀರಿ ಎಂದು ಇಸ್ತ್ರಿಯವನು ಒಮ್ಮೆ ಕೇಳಿದ್ದ. "ಇವತ್ತು ಇರೋದನ್ನೇ ಕಾಣೋ ಹಾಗೆ ಮಾಡಪ್ಪ, ನನಗೆ ಬೇಕಾದ್ದನ್ನಲ್ಲ ಅಂತ," ಎಂದಿದ್ದರು. ಆ ಬೇಡಿಕೆ ಎಷ್ಟೋ ಸಲ ಈಡೇರಿದ್ದರಿಂದಲೇ ಇರಬೇಕು, ಆ ಬೀದಿಯವರು ಹರಿದ ಬಟ್ಟೆಯಷ್ಟೇ ಸಲೀಸಾಗಿ ಬಿಡಿಸಲಾರದ ಒಗಟುಗಳನ್ನೂ ಅವರ ಮುಂದೆ ತಂದು ಹಾಕುತ್ತಿದ್ದರು. ಅಂಥ ಹೊತ್ತಿನಲ್ಲಿ ಇಸ್ತ್ರಿಯವನು ಇದ್ದಿಲು ಆರಿಸಿ, ಬಾಗಿಲು ಎಳೆದುಕೊಂಡು ಅವರ ಹಿಂದೆ ಹೊರಡುತ್ತಿದ್ದ. ಕರೆಯಲೇಬೇಕೆಂದಿರಲಿಲ್ಲ.

ದಂತವೈದ್ಯರ ತಂಗಿ ಬೆಂಚಿನ ತುದಿಯಲ್ಲಿ ಕೂತು, ಸೆರಗಿನಿಂದ ಬೆಂಚಿನ ಧೂಳನ್ನು ಒರೆಸುತ್ತಲೇ ಹೇಳತೊಡಗಿದರು. ಎಲ್ಲಿ ಕೂತರೂ ಆ ಜಾಗವನ್ನು ಒರೆಸುವುದು ಅವರ ಸ್ವಭಾವ.

ಅವರ ಅಣ್ಣನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಫುಟ್‌ಬಾಲಿನ ಜೆರ್ಸಿಗಳು. ಅಂಗಡಿಯಲ್ಲಿ ಸಿಗುವಂಥವಲ್ಲ, ಆಟಗಾರ ಪಂದ್ಯದಲ್ಲಿ ತೊಟ್ಟು, ಬೆವರಿ, ಬಿದ್ದು, ಎದ್ದು ಬಿಚ್ಚಿದ ಜೆರ್ಸಿಗಳು. ಅವುಗಳಿಗೆ ನೀರು ಮುಟ್ಟಿಸುವಂತಿಲ್ಲ. ಮಣ್ಣು, ಹುಲ್ಲಿನ ಹಸಿರು, ಬೆವರಿನ ಉಪ್ಪು, ಅದೇ ಅದರ ಜೀವ. ತೊಳೆದರೆ ಉಳಿಯುವುದು ಬರೀ ಬಟ್ಟೆ. ಅರವತ್ತಮೂರು ಜೆರ್ಸಿಗಳ ನಡುವೆ ಒಂದನ್ನು ಮಾತ್ರ ಅವರು ತಮ್ಮದೆಂದು ಎಣಿಸಿರಲಿಲ್ಲ. ಅದು ಊರಿನ ತಂಡದ ಹತ್ತನೇ ನಂಬರಿನವನದು. ಒಂಬತ್ತು ವರ್ಷದ ಹಿಂದೆ, ಫೈನಲ್ ಪಂದ್ಯದಲ್ಲಿ ತಲೆಗೆ ತಲೆ ಬಡಿದು ಅವನ ಹುಬ್ಬು ಒಡೆದಿತ್ತು. ಪಟ್ಟಿ ಕಟ್ಟಿಸಿಕೊಂಡು ಕೊನೆಯವರೆಗೂ ಆಡಿದ. ಗೆದ್ದ. ಮನೆಗೆ ಹೋಗಿ ಮಲಗಿದವನು ಏಳಲಿಲ್ಲ.

"ಅವನ ತಾಯಿ ಪುಸ್ತಕಕ್ಕೆ ರಟ್ಟು ಕಟ್ಟೋ ಕೆಲಸ ಮಾಡ್ತಾರೆ. ಮನೆ ತುಂಬ ಅಂಟು, ಅದಕ್ಕೆ ಹುಳ. ಮಗನ ಜೆರ್ಸಿಗೂ ಹುಳ ಬೀಳುತ್ತೆ ಅಂತ ಹೆದರಿ, ನಾಲ್ಕು ವರ್ಷದ ಹಿಂದೆ ಅಣ್ಣನ ಹತ್ರ ತಂದಿಟ್ರು. ತಿಂಗಳ ಮೊದಲ ಸೋಮವಾರ ಕೆಲಸ ಮುಗಿಸಿ ಬರ್ತಾರೆ. ಅಣ್ಣ ಡ್ರಾಯರ್ ತೆಗೆದುಕೊಟ್ಟು ಆಚೆ ಹೋಗ್ತಾನೆ. ಅವರು ಅದರಲ್ಲಿ ಮುಖ ಇಟ್ಕೊಂಡು ಅರ್ಧ ಗಂಟೆ ಕೂತಿರ್ತಾರೆ. ಹೋಗುವಾಗ ನನ್ನ ಕೈ ಹಿಡಿದು, 'ಇನ್ನೂ ಇದೆ ಕಣಮ್ಮ, ಅವನ ವಾಸನೆ' ಅಂತಾರೆ."

"ಈಗ?"

"ಮಂಗಳವಾರ ಅಣ್ಣನ ಜೊತೆಯವರೆಲ್ಲ ಸೇರಿದಾಗ ಇತ್ತು, ಮಣ್ಣು ರಕ್ತ ಎಲ್ಲ ಇದ್ದ ಹಾಗೇ. ನಿನ್ನೆ ಶುಕ್ರವಾರ ತೆಗೆದ್ರೆ ಮಲ್ಲಿಗೆ ಥರ ಬೆಳ್ಳಗೆ. ಮಡಿಸಿ ಇಟ್ಟಿದೆ." ಅವರು ಒರೆಸಿದ ಬೆಂಚನ್ನೇ ಮತ್ತೆ ಒರೆಸಿದರು. "ನನಗೆ ಕೊಳೆ ಕಂಡ್ರೆ ಆಗಲ್ಲ ಅಂತ ಎಲ್ಲರಿಗೂ ಗೊತ್ತು. ಅಣ್ಣ ನಿನ್ನೆಯಿಂದ ನನ್ನ ಕೈನ ನೀರೂ ಮುಟ್ಟಿಲ್ಲ. ನಾಡಿದ್ದು ಆ ತಾಯಿ ಬರ್ತಾರೆ. ಅವರ ಎದುರಿಗೆ, ತೊಳೆದದ್ದು ನನ್ನ ತಂಗಿ ಅಂತ ಹೇಳ್ತಾನಂತೆ. ನಾನು ತೊಳೆದಿಲ್ಲ ಅಂತ ಯಾರನ್ನ ಸಾಕ್ಷಿ ಕರೀಲಿ?"

ರಫೂಗಾರರು ಚಪ್ಪಲಿ ಹುಡುಕತೊಡಗಿದರು. ಇಸ್ತ್ರಿಯವನು ಇದ್ದಿಲಿಗೆ ನೀರು ಚಿಮುಕಿಸಿದ.

ದಂತವೈದ್ಯರು ಬಾಗಿಲು ತೆರೆದದ್ದು ತಂಗಿಯ ಮುಖ ನೋಡದೆ. ಜೆರ್ಸಿಗಳ ಕೋಣೆಯಲ್ಲಿ ಕಿಟಕಿಗೆ ದಪ್ಪ ಪರದೆ, ಗೋಡೆಯುದ್ದಕ್ಕೂ ಅಗಲವಾದ ತೆಳು ಡ್ರಾಯರುಗಳು. ಒಂದೊಂದರಲ್ಲೂ ಒಂದೊಂದು ಜೆರ್ಸಿಯನ್ನು ತೆಳ್ಳನೆಯ ಬಿಳಿ ಕಾಗದದ ಮೇಲೆ, ಮಡಿಸದೆ, ತೋಳು ಚಾಚಿ ಮಲಗಿಸಿತ್ತು. ಡ್ರಾಯರಿನ ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು.

"ಈ ಮೊಳೆ ಯಾರ್ಯಾರಿಗೆ ಗೊತ್ತು?" ಎಂದರು ರಫೂಗಾರರು.

"ಇಲ್ಲಿಗೆ ಬರೋ ಎಲ್ಲರಿಗೂ. ನಂಬಿಕೆಯ ಮೇಲೆ ಇಟ್ಟದ್ದು. ಮಂಗಳವಾರದಿಂದೀಚೆಗೆ ಬಂದವರು ಇಬ್ಬರೇ. ಬುಧವಾರ ಔಷಧಿ ಅಂಗಡಿಯವನು ಬಂದಿದ್ದ; ನನ್ನ ಹಾಗೆ ಅವನೂ ಜೆರ್ಸಿ ಕೂಡಿಡೋನು, ಇದರ ಮೇಲೆ ಅವನಿಗೆ ವರ್ಷಗಳಿಂದ ಕಣ್ಣು. ಗುರುವಾರ ಬುಟ್ಟಿ ತಾತ ಬಂದಿದ್ದ, ಖಾಲಿ ಪೆಟ್ಟಿಗೆ ತಗೊಂಡು. ಕ್ಲಬ್ಬಿನವರು ಹೊಸದಾಗಿ ಪ್ರದರ್ಶನದ ಕೋಣೆ ಮಾಡಿದ್ದಾರಲ್ಲ, ಅಲ್ಲಿಗೆ ಸಾಗಿಸೋಕೆ. ಮೂರನೆಯವಳು ಮನೇಲೇ ಇದ್ದಾಳೆ."

ತಂಗಿ ತಲೆ ತಗ್ಗಿಸಿದರು. ಬುಟ್ಟಿ ತಾತ ಯಾರೆಂಬುದನ್ನು ಇಸ್ತ್ರಿಯವನಿಗೆ ಹೇಳಬೇಕಾಗಿರಲಿಲ್ಲ. ಆಟಗಾರರ ಬಟ್ಟೆಯ ಬುಟ್ಟಿ ಹೊತ್ತು, ಒಗೆದು, ಹರಿದದ್ದನ್ನು ಹೊಲಿದು, ಮೂವತ್ತು ವರ್ಷ ಸವೆದ ಜೀವ ಅದು, ಬೀದಿಗೆಲ್ಲ ತಾತ.

ದಂತವೈದ್ಯರು ಕೈಗೆ ಹತ್ತಿಯ ಗವಸು ಹಾಕಿಕೊಂಡು ಹತ್ತನೇ ನಂಬರಿನ ಡ್ರಾಯರ್ ಎಳೆದರು. ಬಿಳಿಯ ಜೆರ್ಸಿ, ಕಡುನೀಲಿ ಅಂಕಿ. ತೋಳುಗಳನ್ನು ಹಿಂದಕ್ಕೆ ಸರಿಸಿ, ಮೂರು ಪಾಲಾಗಿ ಮಡಿಸಿ, ಬೆನ್ನಿನ ಅಂಕಿ ಮೇಲೆ ಕಾಣುವಂತೆ ಇಟ್ಟಿತ್ತು. "ಸಿಕ್ಕಾಗ ಹೀಗೇ ಇತ್ತು. ಮುಟ್ಟೋಕೆ ಮನಸ್ಸು ಬರಲಿಲ್ಲ. ಹೆಣಕ್ಕೆ ಹೊದಿಸಿದ ಹಾಗಿದೆ," ಎಂದರು.

ರಫೂಗಾರರು ಅದನ್ನು ಎತ್ತಿ ಮೂಸಿದರು. ಇಸ್ತ್ರಿಯವನಿಗೂ ಮೂಗಿನ ಬಳಿ ಹಿಡಿದರು.

"ಸೋಪಲ್ಲ. ನುಸಿಗುಳಿಗೆ," ಎಂದ ಇಸ್ತ್ರಿಯವನು.

"ನನ್ನ ಮನೇಲಿ ನುಸಿಗುಳಿಗೆ ಇಲ್ಲವೇ ಇಲ್ಲ," ಎಂದರು ದಂತವೈದ್ಯರು. "ಜೆರ್ಸಿಯ ವಾಸನೆ ಕೆಡುತ್ತೆ ಅಂತ."

ಬಿಡಿಸಿ ಮೇಜಿನ ಮೇಲೆ ಹರಡಿದಾಗ ಇಸ್ತ್ರಿಯವನ ಕಣ್ಣು ತಾನಾಗಿ ಮಡಿಕೆಯ ಗೆರೆಗಳಿಗೆ ಹೋಯಿತು. ಗೆರೆಯ ಉದ್ದಕ್ಕೂ ಬಿಳುಪು ಮಾಸಿ ಹಳದಿಗೆ ತಿರುಗಿತ್ತು. "ಇಂಥ ಗೆರೆ ನನ್ನ ಇಸ್ತ್ರಿ ಪೆಟ್ಟಿಗೆಗೂ ಬಗ್ಗಲ್ಲ. ಎಷ್ಟು ಉಜ್ಜಿದ್ರೂ ಬಟ್ಟೆ ಅಲ್ಲಿಗೇ ಮಡಚಿಕೊಳ್ಳುತ್ತೆ," ಎಂದು ಗೊಣಗಿದ. ಯಾರೂ ಗಮನ ಕೊಡಲಿಲ್ಲವೆಂದು ಅವನೆಂದುಕೊಂಡ. ರಫೂಗಾರರು ಮಾತ್ರ ಆ ಗೆರೆಯ ಮೇಲೆ ಒಮ್ಮೆ ಬೆರಳೆಳೆದರು.

ಆಮೇಲೆ ಬಲಗಂಕುಳನ್ನು ಮಗುಚಿದರು. ಅಲ್ಲೊಂದು ಹರುಕು, ಅದರ ಮೇಲೆ ಕೈಹೊಲಿಗೆ. ಅವರು ಎಷ್ಟು ಹೊತ್ತು ಅದನ್ನೇ ನೋಡಿದರೆಂದರೆ ದಂತವೈದ್ಯರು ಕೆಮ್ಮಿದರು.

"ಅರ್ಧದ ತನಕ ಹೊಲಿಗೆ ಸಮ ಇದೆ," ಎಂದರು ರಫೂಗಾರರು, ತಮಗೆ ತಾವೇ ಎಂಬಂತೆ. "ಅರ್ಧ ಆದಮೇಲೆ ಕೈ ನಡುಗಿದೆ. ಪಾಪ. ರಕ್ತ ಎಲ್ಲಿತ್ತು ಡಾಕ್ಟ್ರೇ?"

"ಕಾಲರಿನ ಬಲಗಡೆ. ಎರಡು ಬೆರಳಗಲ."

ರಫೂಗಾರರು ಪರದೆ ಸರಿಸಿ, ಕಾಲರನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಎಳೆ ಎಳೆ ನೋಡಿದರು. "ಏನೂ ಇಲ್ಲ."

"ಅದನ್ನೇ ತಾನೆ ನಾನು ಹೇಳ್ತಿರೋದು."

"ನಾನೂ ಅದನ್ನೇ ಹೇಳ್ತಿರೋದು," ಎಂದು ರಫೂಗಾರರು ನಿಟ್ಟುಸಿರುಬಿಟ್ಟರು.

ಗೋಡೆಯ ಮೇಲೆ ಆ ಫೈನಲ್ ಪಂದ್ಯದ ದೊಡ್ಡ ಚಿತ್ರವೊಂದಿತ್ತು: ಗೋಲು ಹೊಡೆದು ಎರಡೂ ಕೈ ಎತ್ತಿ ಓಡುತ್ತಿರುವ ಹುಡುಗನ ಬೆನ್ನು. ರಫೂಗಾರರು ಅದರ ಮುಂದೆ ನಿಂತರು. "ನೀವು ಜೆರ್ಸಿನ ಫೋಟೋ ಜೊತೆ ಹೋಲಿಸ್ತೀರಂತೆ, ಹೌದಾ?"

ವಿಷಯ ತಮ್ಮ ಪ್ರೀತಿಯದಾದ್ದರಿಂದ ದಂತವೈದ್ಯರ ಮುಖ ಒಂದಿಷ್ಟು ಸಡಿಲಾಯಿತು. "ಹೋಲಿಸದೆ ಯಾವುದನ್ನೂ ನಂಬಲ್ಲ. ಅಂಕಿಗಳನ್ನ ಕೈಯಿಂದ ಇಸ್ತ್ರಿ ಒತ್ತಿ ಅಂಟಿಸಿರ್ತಾರೆ. ಒಂದು ಕೂದಲೆಳೆ ಆಚೀಚೆ ಆಗೇ ಆಗುತ್ತೆ. ಯಾವ ಎರಡು ಜೆರ್ಸಿಯೂ ಒಂದೇ ಥರ ಇರಲ್ಲ. ಹರಿದ ಎಳೆ, ಹೊಲಿಗೆ ಎಲ್ಲ ಪಂದ್ಯದ ಫೋಟೋಗೆ ಕೂಡಬೇಕು. ಬರೋ ಮಂಗಳವಾರ ಪ್ರದರ್ಶನದ ಕೋಣೆಗೆ ಪರೀಕ್ಷೆ ಮಾಡೋ ಹೆಂಗಸು ಬರ್ತಾರೆ, ಅವರೂ ಹೀಗೇ ನೋಡೋದು."

"ಇದನ್ನೂ ನೀವು ಹೋಲಿಸಿದ್ರಾ?"

ದಂತವೈದ್ಯರು ಗವಸು ಬಿಚ್ಚಿ ಮೇಜಿನ ಮೇಲಿಟ್ಟರು. "ಇದನ್ನ ತಾಯಿಯೇ ತಂದು ಕೈಗಿಟ್ಟದ್ದು. ತಾಯಿಯ ಮಾತಿಗೆ ಭೂತಗನ್ನಡಿ ಹಿಡಿಯೋದಾ?"

"ಹಿಡಿಯಬಾರದು," ಎಂದು ರಫೂಗಾರರು ಒಪ್ಪಿಕೊಂಡರು. "ಆದರೆ ಬಂದ ದಿನ ಇದರ ಫೋಟೋ ತೆಗೆದಿರ್ತೀರಲ್ಲ?"

ಪ್ರತಿ ಜೆರ್ಸಿಯದೂ ಮುಂದಿನಿಂದ, ಹಿಂದಿನಿಂದ, ತೋಳೆತ್ತಿ ತೆಗೆದ ಚಿತ್ರಗಳ ಒಂದು ದಪ್ಪ ಪುಸ್ತಕವಿತ್ತು. ಹತ್ತನೇ ನಂಬರಿನ ಪುಟವನ್ನು ತೆರೆದು, ರಫೂಗಾರರು ಒಮ್ಮೆ ಪುಟವನ್ನು, ಒಮ್ಮೆ ಗೋಡೆಯನ್ನು, ಒಮ್ಮೆ ಮೇಜನ್ನು ನೋಡಿದರು. ಆಮೇಲೆ ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟು, ಬೆಳಗಿನ ಹಾಗೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು.

ಔಷಧಿ ಅಂಗಡಿಯವರು ಗಿರಾಕಿಗೆ ಕೆಮ್ಮಿನ ಔಷಧಿ ಸುತ್ತಿಕೊಡುತ್ತಲೇ ಸಿಡುಕಿದರು. "ನನ್ನ ಮೇಲೂ ಅನುಮಾನವಾ? ರಫೂ ಸ್ವಾಮಿ, ನಾನಾಗಿದ್ರೆ ಕದೀತಿದ್ದೆ. ಕದ್ದರೆ ಪಾಪ ಅಷ್ಟೆ, ದೇವರ ಹತ್ರ ಹೇಗೋ ಮಾತಾಡ್ಕೋಬಹುದು. ತೊಳೆಯೋದಾ? ನನ್ನ ಹೆಂಡತಿ ಒಂದು ಸಲ ಗೋಲ್‌ಕೀಪರನ ಗವಸು ತೊಳೆದಳು. ಒಂದು ತಿಂಗಳು ಮಾತಾಡಲಿಲ್ಲ ನಾನು."

"ಅವರಿಗೆ ಒಂದು ತಿಂಗಳು ನೆಮ್ಮದಿ," ಎಂದ ಇಸ್ತ್ರಿಯವನು.

"ನಿನ್ನ ಬಾಯಿಗೇ ಮೊದಲು ಇಸ್ತ್ರಿ ಹಾಕ್ಬೇಕು ನೋಡು."

ರಫೂಗಾರರು ನಗಲಿಲ್ಲ. "ಮಂಗಳವಾರ ನೀವೆಲ್ಲ ಸೇರಿದ್ರಿ. ಏನು ಮಾತಾಯ್ತು ಅವತ್ತು?"

"ಏನಿರುತ್ತೆ, ಪ್ರದರ್ಶನದ ಮಾತೇ. ಪರೀಕ್ಷೆಯವರು ಬರ್ತಾರೆ, ಎಲ್ಲದನ್ನೂ ಫೋಟೋಗೆ ಹೋಲಿಸಿ ನೋಡ್ತಾರೆ ಅಂತ ಡಾಕ್ಟ್ರು ಹೇಳಿದ್ರು. ಬುಟ್ಟಿ ತಾತನಿಗೆ ತಲೆಗೇ ಹೋಗಲಿಲ್ಲ. 'ಎಲ್ಲದನ್ನೂನಾ? ಹತ್ತನೇದನ್ನೂನಾ?' ಅಂತ ಮೂರು ಸಲ ಕೇಳಿದ. ವಯಸ್ಸಾಯ್ತು, ಪಾಪ, ಕಿವಿ ಮಂದ."

ಕ್ಲಬ್ಬಿನ ಒಗೆಯುವ ಕೋಣೆ ಮೈದಾನದ ಹಿಂಬದಿಗೆ, ಮೆಟ್ಟಿಲುಗಳ ಅಡಿಯಲ್ಲಿತ್ತು. ಅಂದು ಬೆಳಗ್ಗೆ ಅಭ್ಯಾಸದ ಆಟವಿದ್ದು, ಬೆತ್ತದ ಬುಟ್ಟಿ ತುಂಬಿತ್ತು. ಬುಟ್ಟಿ ತಾತ ಮೊಣಕೈವರೆಗೆ ತೋಳು ಮಡಚಿ, ಸಿಮೆಂಟಿನ ತೊಟ್ಟಿಯ ಮುಂದೆ ಕೂತಿದ್ದ. ಇವರನ್ನು ಕಂಡು ಏಳಲು ಹೋದವನನ್ನು ರಫೂಗಾರರು ಭುಜ ಹಿಡಿದು ಕೂರಿಸಿ, ತಾವೂ ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಇಬ್ಬರು ಮುದುಕರು ನೀರು ನೋಡುತ್ತ ಕೂತದ್ದು ಇಸ್ತ್ರಿಯವನಿಗೆ ಕೆರೆಯ ದಂಡೆಯ ಹಾಗೆ ಕಂಡಿತು.

"ಇವತ್ತೇ ಒಗೀಬೇಕಾ ತಾತ ಇದೆಲ್ಲ? ನಾಳೆಗಿಟ್ಟರಾಗಲ್ವಾ?"

"ನಾಳೆಗಿಟ್ಟರೆ ಕಲೆ ಕೂತ್ಕೊಂಡುಬಿಡುತ್ತೆ. ಅವತ್ತಿನದು ಅವತ್ತೇ ನೀರಿಗೆ ಬೀಳಬೇಕು. ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ ನಾನು." ಹೆಮ್ಮೆಯಿಂದ ಹೊರಟ ಮಾತು ಕೊನೆಗೆ ಬರುವಷ್ಟರಲ್ಲಿ ಸೋತಿತ್ತು.

"ರಕ್ತಕ್ಕೇನು ಹಾಕ್ತೀರಿ?"

"ತಣ್ಣೀರು, ಉಪ್ಪು. ಹಸಿ ಇರುವಾಗಲೇ."

"ಒಣಗಿದ್ರೆ?"

ತಾತನ ಕೈ ನೀರಿನೊಳಗೆ ನಿಂತಿತು. "ಒಣಗಿದ್ರೆ ಹೋಗಲ್ಲ ಸ್ವಾಮಿ. ಏನು ಮಾಡಿದ್ರೂ ಹೋಗಲ್ಲ."

ಇಸ್ತ್ರಿಯವನು ಅಷ್ಟರಲ್ಲಿ ಗೋಡೆಯ ಹಲಗೆಯ ಕಡೆ ನೋಡುತ್ತಿದ್ದ. ಒಣಗಿದ ಜೆರ್ಸಿಗಳು ಸಾಲಾಗಿದ್ದವು: ತೋಳು ಹಿಂದಕ್ಕೆ, ಮೂರು ಪಾಲಾಗಿ ಮಡಿಸಿ, ಆಟಗಾರ ತನ್ನದನ್ನು ಕಂಡು ಎತ್ತಿಕೊಳ್ಳಲೆಂದು ಅಂಕಿ ಮೇಲೆ ಮಾಡಿ ಇಟ್ಟವು.  ಬಾಯಿ ತೆರೆದವನನ್ನು ರಫೂಗಾರರ ನೋಟವೊಂದು ತಡೆಯಿತು.

"ಸೋಮವಾರ ಸಂಜೆ ಡಾಕ್ಟ್ರ ಮನೆಗೆ ಬನ್ನಿ ತಾತ," ಎಂದರು ರಫೂಗಾರರು.

"ಬರಲೇಬೇಕಾ?"

"ಬಲವಂತ ಮಾಡೋಕೆ ನಾನು ಯಾರು. ಡಾಕ್ಟ್ರ ತಂಗಿ ಮಾಡದ ತಪ್ಪಿಗೆ ತಲೆ ತಗ್ಗಿಸಿ ಓಡಾಡ್ತಿದ್ದಾರೆ. ನೀವು ಬಂದರೆ ಆ ತಲೆ ಮೇಲೇಳುತ್ತೆ."

ತಾತ ಅವರನ್ನು ನೋಡಲಿಲ್ಲ. ನೀರಿನಲ್ಲಿದ್ದ ಜೆರ್ಸಿಯನ್ನು ಹಿಂಡಿದ, ಬಿಟ್ಟ, ಮತ್ತೆ ಹಿಂಡಿದ.

ಹಿಂತಿರುಗುವ ದಾರಿಯಲ್ಲಿ ಇಸ್ತ್ರಿಯವನಿಗೆ ತಡೆಯಲಾಗಲಿಲ್ಲ. "ಮಡಿಕೆ ನೋಡಿದ್ರಲ್ಲ? ತಾತನೇ ತೊಳೆದದ್ದು. ಡ್ರಾಯರಿಂದ ತೆಗೆದು, ತೊಳೆದು, ಒಣಗಿಸಿ, ಇಟ್ಟಿದ್ದಾನೆ. ಬುದ್ಧಿ ಮಂಕಾಗಿದೆ ಮುದುಕನಿಗೆ."

"ನೀನೇ ಹೇಳಿದ್ಯಲ್ಲ, ಆ ಗೆರೆ ನಿನ್ನ ಪೆಟ್ಟಿಗೆಗೂ ಬಗ್ಗಲ್ಲ ಅಂತ. ಗುರುವಾರ ಮಡಿಸಿದ ಬಟ್ಟೆಗೆ ಶನಿವಾರಕ್ಕೆ ಅಂಥ ಗೆರೆ ಬರುತ್ತಾ?"

ಇಸ್ತ್ರಿಯವನು ನಡು ರಸ್ತೆಯಲ್ಲೇ ನಿಂತ. ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ.

"ನಲವತ್ತೈದು ವರ್ಷ ತೂತು ಮುಚ್ಚೋ ಕೆಲಸ ಮಾಡಿದೆ," ಎಂದರು ರಫೂಗಾರರು ನಡೆಯುತ್ತಲೇ. "ಈ ಸಲ ಹೊಲಿಗೆ ಬಿಚ್ಚೋ ಕೆಲಸ ಬಂತು. ಆ ತಾಯಿಗೆ ನೋವಾಗದ ಹಾಗೆ ಬಿಚ್ಚೋಕೆ ದಾರಿ ತೋರಿಸಪ್ಪ ಅಂತ ಕೇಳ್ತಿದ್ದೀನಿ. ಇನ್ನೂ ತೋರಿಸಿಲ್ಲ."

ಸೋಮವಾರ ಸಂಜೆ ಜೆರ್ಸಿಗಳ ಕೋಣೆಯಲ್ಲಿ ಕುರ್ಚಿಗಳು ಸಾಲದೆ ಇಸ್ತ್ರಿಯವನು ಗೋಡೆಗೆ ಒರಗಿ ನಿಂತ. ಔಷಧಿ ಅಂಗಡಿಯವರು ಮೊದಲೇ ಬಂದಿದ್ದರು. ಬುಟ್ಟಿ ತಾತ ಬಾಗಿಲ ಬಳಿ, ತೊಡೆಯ ಮೇಲೊಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದ. ತಾಯಿ ಕೊನೆಗೆ ಬಂದರು. ಸಣ್ಣ ಮೈಯ ಹೆಂಗಸು. ಬೆರಳ ತುದಿಗಳಲ್ಲಿ ಒಣಗಿದ ಅಂಟು ಹೊಪ್ಪಳೆಯಾಗಿತ್ತು. ಜನ ಕೂಡಿದ್ದನ್ನು ಕಂಡು ಹೊಸ್ತಿಲಲ್ಲೇ ತಡೆದರು.

ದಂತವೈದ್ಯರು ಎದ್ದು ನಿಂತು, ನೆಲ ನೋಡುತ್ತ ಹೇಳಿದರು. "ಅಮ್ಮ, ನಿಮ್ಮ ಮಗನ ಜೆರ್ಸಿನ ಕಾಪಾಡೋಕೆ ನನ್ನ ಕೈಲಾಗಲಿಲ್ಲ. ಯಾರೋ ತೊಳೆದುಬಿಟ್ರು."

ತಾಯಿ ಅಳಲಿಲ್ಲ. ಮೇಜಿನ ಮೇಲಿದ್ದ ಬಿಳಿ ಬಟ್ಟೆಯನ್ನು ನೋಡಿ, ಕೈಚೀಲವನ್ನು ಎದೆಗವಚಿಕೊಂಡು ಕೂತರು. "ವಾಸನೆ?" ಎಂದರು. ದಂತವೈದ್ಯರು ಇಲ್ಲವೆಂದು ತಲೆಯಾಡಿಸಿದರು. "ಹೋಯ್ತಾ," ಎಂದರು.

ರಫೂಗಾರರು ಅವರ ಎದುರಿನ ಮಣೆಯ ಮೇಲೆ ಕೂತು, ಅವರೊಬ್ಬರಿಗೇ ಹೇಳುವಂತೆ ಮೆಲ್ಲಗೆ ಶುರುಮಾಡಿದರು.

"ತಾಯಿ, ಇದನ್ನ ಈ ವಾರ ಯಾರೂ ತೊಳೆದಿಲ್ಲ. ಮೊದಲು ಅದನ್ನ ಹೇಳಿಬಿಡ್ತೀನಿ, ಈ ತಂಗಿಯ ತಲೆ ಮೇಲಿಂದ ಭಾರ ಇಳೀಲಿ. ಇದರಲ್ಲಿ ಸೋಪಿನ ವಾಸನೆ ಇಲ್ಲ, ನುಸಿಗುಳಿಗೆಯದಿದೆ. ಈ ಮನೇಲಿ ನುಸಿಗುಳಿಗೆ ಇಲ್ಲ. ಮಡಿಕೆಯ ಗೆರೆ ಹಳದಿಯಾಗಿದೆ. ಅದನ್ನ ಕಂಡದ್ದು ನಮ್ಮ ಇಸ್ತ್ರಿಯವನು. ವರ್ಷಗಟ್ಟಲೆ ಮಡಿಸಿಟ್ಟ ಬಟ್ಟೆ ಇದು, ಎಲ್ಲೋ ಒಂದು ಪೆಟ್ಟಿಗೆಯಲ್ಲಿ."

"ಅಂದ್ರೆ ಇದು ಬೇರೆ ಜೆರ್ಸಿ. ಖೋಟಾ," ಎಂದರು ಔಷಧಿ ಅಂಗಡಿಯವರು.

"ನಾನೂ ಹಾಗೇ ಅಂದ್ಕೊಂಡೆ. ಆಮೇಲೆ ಗೋಡೆ ನೋಡಿದೆ." ರಫೂಗಾರರು ದೊಡ್ಡ ಚಿತ್ರದ ಕಡೆ ಕೈ ತೋರಿದರು. "ಆ ಹುಡುಗನ ಬೆನ್ನಿನ ಮೇಲೆ ಒಂದರ ಅಂಕಿ ಇದೆಯಲ್ಲ, ಅದು ಸೊನ್ನೆಗಿಂತ ಒಂದು ನೂಲು ಕೆಳಗಿದೆ. ಬಲಗಂಕುಳು ಹರಿದಿದೆ, ಎದುರಾಳಿ ಎಳೆದದ್ದಿರಬೇಕು. ಈಗ ಮೇಜಿನ ಮೇಲಿರೋದನ್ನ ನೋಡಿ ಡಾಕ್ಟ್ರೇ."

ದಂತವೈದ್ಯರು ಬಗ್ಗಿ ನೋಡಿದರು. ಒಂದರ ಅಂಕಿ ಸೊನ್ನೆಗಿಂತ ಒಂದು ನೂಲು ಕೆಳಗಿತ್ತು. ಕಂಕುಳಲ್ಲಿ ಅದೇ ಜಾಗಕ್ಕೆ ಹೊಲಿಗೆ.

"ಈಗ ನಿಮ್ಮ ಪುಸ್ತಕ."

ಪುಸ್ತಕದ ಪುಟದಲ್ಲಿ, ಮಣ್ಣು ಮೆತ್ತಿದ ಜೆರ್ಸಿಯ ಎರಡೂ ಅಂಕಿಗಳು ಗೆರೆ ಹಿಡಿದಂತೆ ಒಂದೇ ಮಟ್ಟಕ್ಕಿದ್ದವು. ತೋಳೆತ್ತಿ ತೆಗೆದ ಚಿತ್ರದಲ್ಲಿ ಕಂಕುಳು ಹೊಸದರಂತೆ ಗಟ್ಟಿಯಾಗಿತ್ತು. ದಂತವೈದ್ಯರು ಅಂಕಿಗಳ ಮೇಲೆ ಬೆರಳಿಟ್ಟರು. "ನಾಲ್ಕು ವರ್ಷ," ಎಂದರು. "ನಾಲ್ಕು ವರ್ಷ ನಾನು ನೋಡಲೇ ಇಲ್ಲ."

"ನೀವು ತಾಯಿಯನ್ನ ನಂಬಿದ್ರಿ. ಅವರು ಇನ್ನೊಬ್ಬರನ್ನ ನಂಬಿದ್ರು. ಪಂದ್ಯದಲ್ಲಿ ನಿಮ್ಮ ಮಗ ತೊಟ್ಟದ್ದು ಈ ಬಿಳೀದೇ ತಾಯಿ." ರಫೂಗಾರರು ಕಾಲರನ್ನು ಎತ್ತಿ ಹಿಡಿದರು. "ಇಲ್ಲಿ ರಕ್ತ ಬಿದ್ದಿತ್ತು. ಒಣಗಿದ ರಕ್ತ ಎಷ್ಟು ತೊಳೆದ್ರೂ ನೆರಳಾದ್ರೂ ಬಿಟ್ಟು ಹೋಗುತ್ತೆ. ಇಲ್ಲಿ ನೆರಳೂ ಇಲ್ಲ. ಹಸಿ ಇರುವಾಗಲೇ, ಅವತ್ತೇ ಸಂಜೆ, ತಣ್ಣೀರಲ್ಲಿ ತೊಳೆದಿದ್ದಾರೆ. ತೊಳೆದವರಿಗೆ ನಿಮ್ಮ ಮಗ ಇನ್ನಿರಲ್ಲ ಅಂತ ಗೊತ್ತಿರಲಿಲ್ಲ. ಪ್ರತಿದಿನ ಮಾಡೋ ಕೆಲಸ ಮಾಡಿದ್ರು, ಅಷ್ಟೆ. ಕಂಕುಳ ಹೊಲಿಗೆ ಅರ್ಧದ ತನಕ ಸಮ ಇದೆ. ಆಮೇಲೆ ಕೈ ನಡುಗಿದೆ. ಅರ್ಧ ಹೊಲಿದಾಗ ಏನಾಯ್ತು ಅಂತ ನನಗೆ ಗೊತ್ತಿಲ್ಲ. ಗೊತ್ತಿರೋರು ಇಲ್ಲೇ ಇದ್ದಾರೆ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಬುಟ್ಟಿ ತಾತ ಎದ್ದು ನಿಂತಿದ್ದ.

"ಸುದ್ದಿ ಬಂತು," ಎಂದ. "ಬೆಳಗ್ಗೆ ಬಿಸಿಲಲ್ಲಿ ಕೂತು ಹೊಲೀತಿದ್ದೆ. ಗೇಟಿನವನು ಬಂದು ಹೇಳಿದ. ಹೊಲಿಯೋದು ನಿಲ್ಲಿಸೋಕೆ ತಿಳೀಲಿಲ್ಲ. ಹೊಲಿದು ಮುಗಿಸಿದೆ."

ತಾಯಿ ಅವನನ್ನೇ ನೋಡುತ್ತಿದ್ದರು.

"ಮೂರನೇ ದಿನ ನೀವು ಬಂದ್ರಿ ತಾಯಿ. 'ಅವನ ಜೆರ್ಸಿ ತೊಳೆದಿಲ್ಲ ತಾನೆ?' ಅಂದ್ರಿ. ನಿಮ್ಮ ಮುಖ ನೋಡಿ 'ಇಲ್ಲ' ಅಂದುಬಿಟ್ಟೆ. ಒಂದೇ ಮಾತು. 'ನಾಳೆ ಬನ್ನಿ, ತೆಗೆದಿಡ್ತೀನಿ' ಅಂದೆ. ಪ್ರತಿ ಪಂದ್ಯಕ್ಕೂ ಒಬ್ಬೊಬ್ಬರಿಗೂ ಒಂದೊಂದು ಹೆಚ್ಚಿನ ಜೆರ್ಸಿ ಇಟ್ಟಿರ್ತೀವಿ. ಅವನ ನಂಬರಿಂದು ಹಾಗೇ ಮಡಿಸಿ ಇತ್ತು. ಅವತ್ತು ಸಂಜೆ ನಾನೇ ಅದನ್ನ ತೊಟ್ಟು, ಮೈದಾನದಲ್ಲಿ ಯಾರೂ ಇಲ್ಲದಾಗ ಓಡಿದೆ. ಕಾಲು ಸೋಲೋ ತನಕ ಓಡಿದೆ. ಅವನು ಬಿದ್ದ ಜಾಗದಲ್ಲಿ ಬಿದ್ದೆ. ರಕ್ತಕ್ಕೆ ಬೆರಳು ಕುಯ್ಕೊಂಡೆ." ಅವನು ಚೀಲದಿಂದ ಮಣ್ಣಿನ ಜೆರ್ಸಿಯನ್ನು ತೆಗೆದು ಮೇಜಿನ ಮೇಲಿಟ್ಟ. "ಪರೀಕ್ಷೆ ಮಾಡ್ತಾರೆ ಅಂದಾಗ ಜೀವ ಹಾರಿಹೋಯ್ತು. ಇದು ಅವನದಲ್ಲ ಅಂತ ಎಲ್ಲರ ಎದುರಿಗೆ ಹೇಳ್ತಾರೆ, ಮಗನದು ಎಲ್ಲಿ ಅಂತ ನೀವು ಹುಡುಕ್ತೀರಿ. ಅದಕ್ಕೇ ಇಷ್ಟು ವರ್ಷ ನನ್ನ ಪೆಟ್ಟಿಗೇಲಿ ಬಚ್ಚಿಟ್ಟಿದ್ದ ಅವನದನ್ನ ತಂದಿಟ್ಟು ಇದನ್ನ ತಗೊಂಡು ಹೋದೆ. ಯಾರೋ ತೊಳೆದ್ರು ಅಂತ ನಾಲ್ಕು ದಿನ ಬೈಕೊಂಡು ಸುಮ್ಮನಾಗ್ತಾರೆ ಅಂದ್ಕೊಂಡೆ. ಈ ತಂಗಿಯ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತಮ್ಮ."

ಔಷಧಿ ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. 

"ಒಂಬತ್ತು ವರ್ಷ," ಎಂದರು ತಾಯಿ. "ಒಂಬತ್ತು ವರ್ಷ ನಾನು ಯಾರ ಬೆವರಲ್ಲಿ ಮುಖ ಇಟ್ಕೊಂಡು ಅತ್ತೆ?"

"ನನ್ನದು ತಾಯಿ."

ಅವರ ಕೈ ಮೇಲೆದ್ದಿತು. ಹೊಡೆಯುತ್ತಾರೆಂದು ಇಸ್ತ್ರಿಯವನು ಅಂದುಕೊಂಡ. ತಾತನೂ ಹಾಗೇ ಎಣಿಸಿದನೋ ಏನೋ, ಮುಖ ಮುಂದೆ ಮಾಡಿ ನಿಂತ. ಆ ಕೈ ಮಣ್ಣಿನ ಜೆರ್ಸಿಯನ್ನು ಹಿಡಿದು, ಮುದ್ದೆ ಮಾಡಿ, ಅವನ ಎದೆಗೆ ದೂಡಿತು.

"ತಗೊಂಡು ಹೋಗಿ ಒಗೀರಿ ಇದನ್ನ."

ದಂತವೈದ್ಯರ ತಂಗಿ ಒಂದು ಲೋಟ ನೀರು ತಂದು ತಾಯಿಯ ಮುಂದೆ ಹಿಡಿದರು. ಅವರು ಬೇಡವೆಂದರು. ಲೋಟ ಹಿಡಿದು ನಿಂತ ತಂಗಿಯ ಬಳಿಗೆ ಅಣ್ಣ ಬಂದರು. ಅವರ ಕೈಯಿಂದ ಲೋಟ ತೆಗೆದುಕೊಂಡು ಗಟಗಟನೆ ಕುಡಿದರು.

ತಾಯಿ ಬಿಳಿಯ ಜೆರ್ಸಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಮೂಸಲಿಲ್ಲ. "ಇದು ಬರೀ ಬಟ್ಟೆ," ಎಂದರು. "ಇದರಲ್ಲಿ ಏನಿದೆ ನನಗೆ? ಕೊನೇಗೆ ಅವನ ಬೆವರು ಮುಟ್ಟಿದ ಕೈ ನಿಮ್ಮದು. ಆ ಕೈಯಿಂದಲೇ ತೊಳೆದು ಚೆಲ್ಲಿದ್ರಿ. ಏನಿತ್ತು ಅದರಲ್ಲಿ, ಹೇಳಿ. ಅದನ್ನಾದ್ರೂ ಹೇಳಿ."

ತಾತ ಕಂಗಾಲಾದ. "ವಾಸನೆ ನೆನಪಿಲ್ಲ ತಾಯಿ. ಸುಳ್ಳು ಹೇಳಲ್ಲ ಇನ್ನು. ಹದಿನಾಲ್ಕು ಜೆರ್ಸಿ ಬರುತ್ತೆ, ಯಾವುದನ್ನೂ ಮೂಸೋದಿಲ್ಲ."  ಆಮೇಲೆ, "ಒಂದು ನೆನಪಿದೆ. ಎಲ್ಲರೂ ಬಿಚ್ಚಿದ ಹಾಗೇ ಎಸೀತಾರೆ, ಒಳಮೈ ಹೊರಗಾಗಿ, ಉಂಡೆ ಕಟ್ಟಿಕೊಂಡು. ನಾನೇ ಬಿಡಿಸ್ಬೇಕು. ಅವನೊಬ್ಬನೇ ಸರಿ ಮಗ್ಗುಲು ಮಾಡಿ ಬುಟ್ಟಿಗೆ ಇಡ್ತಿದ್ದದ್ದು."

ತಾಯಿಯ ತಲೆ ಮೇಲೆದ್ದಿತು. "ಅವತ್ತೂ?"

"ಅವತ್ತೂ. ತಲೆಗೆ ಪಟ್ಟಿ ಕಟ್ಟಿತ್ತು. ಎಲ್ಲ ಆಚೆ ಕುಣೀತಿದ್ರು, ಅವನು ಬೆಂಚಿನ ಮೇಲೆ ಕೂತು ತೋಳು ತಿರುಗಿಸ್ತಿದ್ದ. ಒಂದು ತೋಳು ಸಿಕ್ಕಿಹಾಕ್ಕೊಂಡಿತ್ತು. 'ಇರಲಿ ಬಿಡಪ್ಪ, ಹಾಗೇ ಕೊಡು, ತಲೆ ನೋಯ್ತಿದೆ ನಿನಗೆ' ಅಂದೆ. 'ಬೇಡ ತಾತ, ಅಮ್ಮ ಬೈತಾಳೆ' ಅಂದ."

"ಬೈತಿದ್ದೆ," ಎಂದರು ತಾಯಿ.  "ಮುದ್ದೆ ಮಾಡಿ ಹಾಕಿದ್ರೆ ಒಗೆಯಲ್ಲ ಅಂತ ಬೈತಿದ್ದೆ. ಎಂಟು ವರ್ಷದವನಾಗಿದ್ದಾಗಿಂದ. ಒಂದು ದಿನವೂ ಕೇಳ್ತಿರಲಿಲ್ಲ ಮನೇಲಿ." ಅವರು ಜೆರ್ಸಿಯ ತೋಳಿನೊಳಗೆ ಕೈ ಹಾಕಿ, ತುದಿಯವರೆಗೂ ಇಳಿಬಿಟ್ಟು, ಅಲ್ಲೇ ಬೆರಳು ಮಡಚಿಕೊಂಡರು. "ಆಮೇಲೆ?"

"ಆಮೇಲೆ ಬಿಡಿಸ್ಕೊಂಡ. ಕೊಡವಿದ. ಬುಟ್ಟಿಗೆ ಇಟ್ಟ. ಹೋಗಿಬರ್ತೀನಿ ತಾತ ಅಂದ."

ಔಷಧಿ ಅಂಗಡಿಯವರು ಸದ್ದಾಗದಂತೆ ಎದ್ದು ಹೊರನಡೆದರು. ದಂತವೈದ್ಯರೂ ತಂಗಿಯೂ ಅವರ ಹಿಂದೆ ಹೋದರು. ರಫೂಗಾರರು ಇಸ್ತ್ರಿಯವನ ಮೊಣಕೈ ಮುಟ್ಟಿ ಬಾಗಿಲಿನತ್ತ ಸನ್ನೆ ಮಾಡಿದರು. ಹೊಸ್ತಿಲು ದಾಟುವಾಗ ಇಸ್ತ್ರಿಯವನು ತಿರುಗಿ ನೋಡಿದ. ತಾಯಿ ಪಕ್ಕದ ಖಾಲಿ ಕುರ್ಚಿಯನ್ನು ಎಡಗೈಯಿಂದ ತಮ್ಮ ಹತ್ತಿರಕ್ಕೆ ಎಳೆಯುತ್ತಿದ್ದರು.

"ಕೂತ್ಕೊಳ್ಳಿ," ಎಂದರು. "ಇನ್ನೊಂದು ಸಲ ಹೇಳಿ. ಅವನು ಒಳಗೆ ಬಂದಲ್ಲಿಂದ."

ಬುಟ್ಟಿ ತಾತ ಕೂತು, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಮೊದಲಿನಿಂದ ಹೇಳತೊಡಗಿದ.